ವಿದೇಶಿ ಸ್ಟೋರ್ ರೀಫಂಡ್ ಕೊಡ್ತಿಲ್ವಾ? ಅವರನ್ನ ಕೇಳೋದು ಬಿಡಿ, ಬ್ಯಾಂಕಿಗೆ ಹೋಗಿ

ಪ್ರಶ್ನೆ: ಹೊರದೇಶದ ಒಂದು ಆನ್‌ಲೈನ್ ಸ್ಟೋರ್‌ನಲ್ಲಿ ಕ್ಯಾಮೆರಾ ಲೆನ್ಸ್ ತಗೊಂಡೆ, ಸೈಟಲ್ಲಿ ‘ಹೊಸದು’ ಅಂತಲೇ ಹಾಕಿದ್ರು. ಬಂದಾಗ ನೋಡಿದ್ರೆ ಗಾಜಿನ ಒಳಗೆ ಫಂಗಸ್ ಕಲೆ, ಯಾರೋ ಬಳಸಿ ಮೂಲೇಲಿ ಇಟ್ಟಿದ್ದು ಅನ್ನೋದು ಗ್ಯಾರಂಟಿ. ಫೋಟೋ ಕಳಿಸಿದ್ಮೇಲೆ ವಾಪಸ್ ಕಳಿಸಿ ಅಂದ್ರು, ನನ್ನ ಖರ್ಚಲ್ಲೇ ಕಳಿಸ್ದೆ. ಸೈಟಲ್ಲಿರೋದು ಯುರೋಪಿನ ಅಡ್ರೆಸ್, ರಿಟರ್ನ್‌ಗೆ ಕೊಟ್ಟಿದ್ದು ಬೇರೆ ಖಂಡದ ಯಾವ್ದೋ ಗೋಡೌನು. ಅಲ್ಲಿಗೆ ಮುಟ್ಟಿ ಎರಡು ತಿಂಗ್ಳಾಯ್ತು. ಮೊದ್ಲು ಚೆಕ್ ಮಾಡ್ತಿದೀವಿ ಅಂದ್ರು, ಆಮೇಲೆ ರೀಫಂಡ್ ಮಾಡಿದೀವಿ ನಿಮ್ಮ ಬ್ಯಾಂಕಲ್ಲಿ ಕೇಳಿ ಅಂತ ಮೇಲ್ ಹಾಕಿದ್ರು, ಅಕೌಂಟಿಗೆ ಏನೂ ಬಂದಿಲ್ಲ. ಈಗ ಸ್ಟೋರ್ ಕ್ರೆಡಿಟ್ ತಗೊಳ್ಳಿ ಇಲ್ಲಾಂದ್ರೆ 40% ಕೊಡ್ತೀವಿ ಅಂತಿದಾರೆ. ದುಡ್ಡು ಕಟ್ಟಿ ಇವತ್ತಿಗೆ 96 ದಿನ. ಡೆಬಿಟ್ ಕಾರ್ಡಲ್ಲಿ ಕಟ್ಟಿದ್ದು, ಓಟಿಪಿ ನಾನೇ ಹಾಕಿದ್ದು, ಹಾಗಾಗಿ ಬ್ಯಾಂಕಿನೋರು ಏನೂ ಮಾಡಲ್ಲ ಅಂತ ಎಲ್ರೂ ಹೇಳ್ತಾರೆ. ಒಬ್ಬ ಫ್ರೆಂಡ್ ಅಂತೂ ‘ಅದು ನಾನು ಮಾಡಿದ ಪೇಮೆಂಟೇ ಅಲ್ಲ ಅಂತ ಫ್ರಾಡ್ ಕಂಪ್ಲೇಂಟ್ ಕೊಡು, ಬೇಗ ಆಗತ್ತೆ’ ಅಂತಾನೆ. ಏನ್ ಮಾಡ್ಲಿ?

ಉತ್ತರ: ನೀವು ಬರೆದಿರೋದ್ರಲ್ಲಿ ನನಗೆ ಮೊದ್ಲು ಕಣ್ಣಿಗೆ ಬಿದ್ದಿದ್ದು ಲೆನ್ಸೂ ಅಲ್ಲ ಫಂಗಸ್ಸೂ ಅಲ್ಲ, ಆ 96 ಅನ್ನೋ ನಂಬರು. ನಾನು ತುಂಬಾ ವರ್ಷ ಒಂದು ಬ್ಯಾಂಕಿನ ಕಾರ್ಡ್ ಡಿಸ್ಪ್ಯೂಟ್ (ಅಂದ್ರೆ ಕಾರ್ಡ್ ಪೇಮೆಂಟಿನ ತಕರಾರು) ವಿಭಾಗದಲ್ಲಿ ಕೂತು ಇಂಥ ಫೈಲುಗಳನ್ನೇ ನೋಡ್ದೋನು, ಅಲ್ಲಿ ಸೋತ ಗ್ರಾಹಕರಲ್ಲಿ ಎಷ್ಟೋ ಜನಕ್ಕೆ ನ್ಯಾಯ ಪೂರ್ತಿ ಅವರ ಕಡೆಗೇ ಇತ್ತು, ಸೋತಿದ್ದು ತಡವಾಗಿ ಬಂದಿದ್ದಕ್ಕೆ. ಸ್ಟೋರಿನೋರು ಚಾಟಲ್ಲಿ ‘ಇನ್ನು ಐದು ದಿನ ಕಾಯಿರಿ’ ಅಂತಾರಲ್ಲ, ಅದನ್ನ ಹನ್ನೆರಡು ಸಲ ಹೇಳಿದ್ರೆ ಎರಡು ತಿಂಗಳು ಮುಗೀತು. ಎಲ್ರೂ ಬೇಕಂತ ಮಾಡ್ತಾರೆ ಅಂತಲ್ಲ, ಆದ್ರೆ ಬೇಕಂತ ಮಾಡೋರಿಗೆ ಈ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರತ್ತೆ.

ಮೊದ್ಲು ಭಯಗಳನ್ನ ಒಂದೊಂದಾಗಿ ಬಿಡಿಸೋಣ. ಚಾರ್ಜ್‌ಬ್ಯಾಕ್ ಅಂದ್ರೆ ನಿಮ್ಮ ಬ್ಯಾಂಕು ಕಾರ್ಡ್ ಕಂಪನಿ ಮೂಲಕ ಸ್ಟೋರಿನ ಬ್ಯಾಂಕಿಂದ ದುಡ್ಡು ವಾಪಸ್ ಎಳೆಯೋದು. ಡೆಬಿಟ್ ಕಾರ್ಡಿಗೆ ಅದು ಇಲ್ಲ ಅನ್ನೋದು ಸುಳ್ಳು. ಕಾರ್ಡ್ ಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅಂತ ಇದ್ರೆ ಸಾಕು, ಆ ನೆಟ್‌ವರ್ಕಿನ ಡಿಸ್ಪ್ಯೂಟ್ ನಿಯಮಗಳು ಡೆಬಿಟ್ಟಿಗೂ ಕ್ರೆಡಿಟ್ಟಿಗೂ ಅನ್ವಯ ಆಗತ್ತೆ. ವ್ಯತ್ಯಾಸ ಇರೋದು ಬೇರೆ ಕಡೆ. ಕ್ರೆಡಿಟ್ ಕಾರ್ಡಲ್ಲಿ ಸಿಕ್ಕಾಕ್ಕೊಂಡಿರೋದು ಬ್ಯಾಂಕಿನ ದುಡ್ಡು, ಡೆಬಿಟ್ಟಲ್ಲಿ ನಿಮ್ಮದು, ಅದು ಆಗ್ಲೇ ಅಕೌಂಟಿಂದ ಹೋಗಿದೆ. ಅದೂ ಅಲ್ದೆ ಕೆಲವು ದೇಶಗಳಲ್ಲಿ ಕ್ರೆಡಿಟ್ ಕಾರ್ಡಿಗೆ ಮಾತ್ರ ಕಾನೂನಿನ ಎಕ್ಸ್‌ಟ್ರಾ ರಕ್ಷಣೆ ಇದೆ, ಬ್ರಿಟನ್ನಲ್ಲಿ 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ ಸೆಕ್ಷನ್ 75 ಪ್ರಕಾರ 100 ಪೌಂಡಿಂದ ಮೇಲೆ 30,000 ಪೌಂಡಿನವರೆಗಿನ ವಸ್ತುವಿಗೆ ಅಂಗಡಿ ಜೊತೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ, ಹೊರದೇಶದ ಅಂಗಡಿ ಆದ್ರೂ ಇದು ಅನ್ವಯ ಆಗತ್ತೆ ಅಂತ 2007ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು. ಚಾರ್ಜ್‌ಬ್ಯಾಕ್ ಹಾಗಲ್ಲ, ಅದು ಯಾವ ದೇಶದ ಕಾನೂನೂ ಅಲ್ಲ, ಕಾರ್ಡ್ ಕಂಪನಿ ತನ್ನ ಸದಸ್ಯ ಬ್ಯಾಂಕುಗಳ ಮಧ್ಯೆ ಇಟ್ಟಿರೋ ರೂಲ್ ಬುಕ್ಕು. ಹಾಗಿರೋದ್ರಿಂದಲೇ ಅದಕ್ಕೆ ಗಡಿ ಅಡ್ಡ ಬರಲ್ಲ. ನಿಮ್ಮ ಬ್ಯಾಂಕೂ ಆ ಸ್ಟೋರಿನ ಬ್ಯಾಂಕೂ ಒಂದೇ ಪುಸ್ತಕಕ್ಕೆ ಸಹಿ ಹಾಕಿರ್ತಾವೆ, ಮಧ್ಯೆ ಎಷ್ಟು ಸಮುದ್ರ ಇದ್ರೂ ಸರಿ.

ಇನ್ನು ಓಟಿಪಿ. ಇದನ್ನ ಬ್ಯಾಂಕಿನ ಕಾಲ್ ಸೆಂಟರಿನೋರೇ ತಪ್ಪಾಗಿ ಹೇಳೋದು ನೋಡಿದೀನಿ. ಓಟಿಪಿ ಹಾಕಿದ್ರೆ ‘ಈ ಪೇಮೆಂಟ್ ಮಾಡಿದ್ದು ನಾನಲ್ಲ’ ಅನ್ನೋ ವಾದ ಕಷ್ಟ ಆಗತ್ತೆ, ಅಷ್ಟೇ ಅದರ ಅರ್ಥ. ನಿಮ್ಮ ವಾದ ಅದಲ್ವಲ್ಲ. ‘ಪೇಮೆಂಟ್ ಮಾಡಿದ್ದು ನಾನೇ, ಆದ್ರೆ ಅವರು ಕೊಟ್ಟ ಮಾತು ಉಳಿಸ್ಕೊಂಡಿಲ್ಲ’ ಅನ್ನೋದು ನಿಮ್ಮ ವಾದ, ಅದಕ್ಕೆ ಓಟಿಪಿ ಯಾರು ಹಾಕಿದ್ರು ಅನ್ನೋದು ಸಂಬಂಧಾನೇ ಇಲ್ಲ. ಕೌಂಟರಲ್ಲಿ ಅಥವಾ ಫೋನಲ್ಲಿ ‘ಓಟಿಪಿ ನೀವೇ ಹಾಕಿದೀರಲ್ಲ’ ಅಂತ ವಾಪಸ್ ಕಳಿಸಿದ್ರೆ, ‘ಇದು ಫ್ರಾಡ್ ಕಂಪ್ಲೇಂಟ್ ಅಲ್ಲ, ರೀಫಂಡ್ ಬಂದಿಲ್ಲ ಅನ್ನೋ ಡಿಸ್ಪ್ಯೂಟು, ಫಾರಂ ಕೊಡಿ’ ಅಂತ ಇಷ್ಟೇ ಹೇಳಿ, ಬಹಳಷ್ಟು ಸಲ ಅಲ್ಲಿಗೆ ದಾರಿ ತೆರೆಯತ್ತೆ.

ನಿಮ್ಮ ಫ್ರೆಂಡ್ ಹೇಳಿದ್ದನ್ನ ಮಾತ್ರ ದಯವಿಟ್ಟು ಮಾಡ್ಬೇಡಿ. ಫ್ರಾಡ್ ಅಂತ ಹಾಕಿದ ತಕ್ಷಣ ಕಾರ್ಡ್ ಬ್ಲಾಕ್ ಆಗತ್ತೆ, ಕೇಸ್ ಬೇರೆ ಟೀಮಿಗೆ ಹೋಗತ್ತೆ, ಸ್ಟೋರಿನೋರು ನಿಮ್ಮ ಅಡ್ರೆಸ್ಸು, ನಿಮ್ಮ ಚಾಟು, ನೀವೇ ಕಳಿಸಿದ ಫಂಗಸ್ ಫೋಟೋ ಎಲ್ಲಾ ತಂದು ಮುಂದಿಟ್ಟು ‘ಇವರೇ ತಗೊಂಡಿದ್ದು ನೋಡಿ’ ಅಂತಾರೆ. ಅಲ್ಲಿಗೆ ನಿಮ್ಮ ನಿಜವಾದ ಕೇಸೂ ಸತ್ತೋಯ್ತು, ಯಾಕಂದ್ರೆ ಒಂದು ಸಲ ಸುಳ್ಳು ಹೇಳಿದ ಗ್ರಾಹಕನ ಎರಡನೇ ಅರ್ಜೀನ ಬ್ಯಾಂಕ್ ಎಷ್ಟು ನಂಬತ್ತೆ ಅಂತ ನೀವೇ ಯೋಚ್ನೆ ಮಾಡಿ. ಗೆಲ್ಲೋ ಕೇಸನ್ನ ಹೀಗೆ ಕೈಯಾರೆ ಹಾಳು ಮಾಡ್ಕೊಂಡೋರನ್ನ ನೋಡಿ ಹೊಟ್ಟೆ ಉರ್ಕೊಂಡಿದೀನಿ.

ಹಾಗಾದ್ರೆ ಸ್ಟೋರಿನೋರು ಯಾಕೆ ಕೊಡ್ತಿಲ್ಲ? ಎಲ್ಲಾ ಸಲ ಕಳ್ಳತನ ಅಲ್ಲ. ಯುರೋಪಿನ ಅಡ್ರೆಸ್ಸು, ಬೇರೆ ಖಂಡದ ಗೋಡೌನು ಅಂತ ನೀವು ಬರೆದಿದ್ದು ನೋಡಿದ್ರೆ ಇದು ಡ್ರಾಪ್‌ಶಿಪ್ಪಿಂಗ್ ಇರೋ ಚಾನ್ಸ್ ಜಾಸ್ತಿ. ಅಂದ್ರೆ ಆ ಸ್ಟೋರ್ ಹತ್ರ ಲೆನ್ಸ್ ಇರ್ಲೇ ಇಲ್ಲ, ನೀವು ದುಡ್ಡು ಕಟ್ಟಿದ್ಮೇಲೆ ಅವರು ಇನ್ಯಾರೋ ಸಪ್ಲೈಯರಿಗೆ ಆರ್ಡರ್ ಹಾಕಿ ನೇರವಾಗಿ ನಿಮಗೆ ಕಳಿಸೋ ಹಾಗೆ ಮಾಡಿದಾರೆ, ತಮ್ಮ ಲಾಭ ಇಟ್ಕೊಂಡು ಉಳಿದಿದ್ದು ಸಪ್ಲೈಯರಿಗೆ ಹೋಗಿದೆ. ಈಗ ನಿಮಗೆ ಪೂರ್ತಿ ಕೊಡ್ಬೇಕಂದ್ರೆ ಸಪ್ಲೈಯರ್ ಅವರಿಗೆ ಕೊಡ್ಬೇಕು, ಅವನು ಕೊಡಲ್ಲ, ಇವರು ತಮ್ಮ ಜೇಬಿಂದ ತೆಗೆಯಕ್ಕೆ ತಯಾರಿಲ್ಲ. 40% ಅನ್ನೋ ಆಫರ್ ಹುಟ್ಟೋದು ಸಾಮಾನ್ಯವಾಗಿ ಈ ಇಕ್ಕಟ್ಟಲ್ಲೇ. ಇನ್ನೊಂದು ಕಾರಣ ಇನ್ನೂ ಸರಳ, ಅವರ ಪೇಮೆಂಟ್ ಗೇಟ್‌ವೇ (ಸ್ಟೋರಿಗೆ ಕಾರ್ಡ್ ದುಡ್ಡು ತಗೊಂಡು ಕೊಡೋ ಕಂಪನಿ) ಅಕೌಂಟಲ್ಲಿ ಬ್ಯಾಲೆನ್ಸೇ ಇರಲ್ಲ, ಸ್ಟಾಫು ‘ರೀಫಂಡ್’ ಬಟನ್ ಒತ್ತಿರ್ತಾರೆ, ಅದು ಪೆಂಡಿಂಗಲ್ಲಿ ನಿಂತು ಆಮೇಲೆ ಫೇಲ್ ಆಗಿರತ್ತೆ, ಚಾಟಲ್ಲಿ ಕೂತಿರೋ ಹುಡುಗನ ಸ್ಕ್ರೀನಲ್ಲಿ ಮಾತ್ರ ‘ರೀಫಂಡ್ ಆಗಿದೆ’ ಅಂತ ಕಾಣ್ತಾ ಇರತ್ತೆ. ಅವನು ಸುಳ್ಳು ಹೇಳ್ತಿಲ್ಲ, ಪಾಪ, ಆದ್ರೆ ದುಡ್ಡೂ ಬರಲ್ಲ.

ಇದನ್ನ ಪತ್ತೆ ಮಾಡಕ್ಕೆ ಒಂದು ಪ್ರಶ್ನೆ ಸಾಕು, ಆದ್ರೆ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ‘ಎಆರ್‌ಎನ್ ಕೊಡಿ’ ಅಂತ ಕೇಳಿ. ಅಕ್ವೈರರ್ ರೆಫರೆನ್ಸ್ ನಂಬರ್ ಅಂತ ಅದರ ಹೆಸ್ರು (ಅಕ್ವೈರರ್ ಅಂದ್ರೆ ಸ್ಟೋರಿನ ಬ್ಯಾಂಕು), 23 ಅಂಕಿ ಇರತ್ತೆ, ವೀಸಾ ಮಾಸ್ಟರ್‌ಕಾರ್ಡ್ ಮೂಲಕ ದುಡ್ಡು ನಿಜವಾಗ್ಲೂ ಹೊರಟಿದ್ರೆ ಮಾತ್ರ ಆ ನಂಬರ್ ಹುಟ್ಟತ್ತೆ. ನಂಬರ್ ಕೊಟ್ರೆ ನಿಮ್ಮ ಬ್ಯಾಂಕಿಗೆ ಕೊಡಿ, ದುಡ್ಡು ಎಲ್ಲಿ ನಿಂತಿದೆ ಅಂತ ಅವರು ಹುಡುಕಬಹುದು. ಎಷ್ಟೋ ಸಲ ರೀಫಂಡ್ ಬಂದೇ ಇರತ್ತೆ, ಬೇರೆ ಹೆಸರಲ್ಲಿ, ಕರೆನ್ಸಿ ಬದಲಾಗಿದ್ದಕ್ಕೆ ಬೇರೆ ಮೊತ್ತದಲ್ಲಿ ಬಂದು ಸ್ಟೇಟ್‌ಮೆಂಟಲ್ಲಿ ಕಣ್ಣಿಗೆ ಬಿದ್ದಿರಲ್ಲ, ಹಾಗಾಗಿ ಬ್ಯಾಂಕಿಗೆ ಹೋಗೋ ಮುಂಚೆ ಸ್ಟೇಟ್‌ಮೆಂಟನ್ನ ಒಂದ್ಸಲ ಸಾಲು ಸಾಲಾಗಿ ಓದಿ. ನಂಬರ್ ಕೊಡದೆ ‘ನಮ್ಮ ಸಿಸ್ಟಂ ಐಡಿ ಇದು’ ಅಂತ ಏನೋ ಅಕ್ಷರ ಸೇರಿಸಿದ ಕೋಡ್ ಕೊಟ್ರೆ, ಅಥವಾ ಮಾತು ಬದಲಾಯಿಸಿದ್ರೆ, ದುಡ್ಡು ಹೊರಟಿಲ್ಲ ಅಂತಲೇ ಇಟ್ಕೊಳ್ಳಿ. ಎರಡು ದಿನ ಟೈಮ್ ಕೊಡಿ ಇದಕ್ಕೆ, ಅದಕ್ಕಿಂತ ಜಾಸ್ತಿ ಬೇಡ.

ಈಗ ಚಾರ್ಜ್‌ಬ್ಯಾಕ್ ವಿಷ್ಯಕ್ಕೆ ಬರೋಣ, ನಿಮ್ಮ ಕೆಲಸ ಆಗ್ಬೇಕಾಗಿರೋದು ಇಲ್ಲೇ. ಇಂಥ ಗ್ರಾಹಕ ತಕರಾರಿಗೆ ಎರಡೂ ನೆಟ್‌ವರ್ಕಲ್ಲಿ ಸಾಮಾನ್ಯವಾಗಿ 120 ದಿನ ಟೈಮು. ಎಲ್ಲಿಂದ ಎಣಿಸ್ಬೇಕು ಅನ್ನೋದು ಕಾರಣದ ಮೇಲೆ ಬದಲಾಗತ್ತೆ, ಕೆಲವಕ್ಕೆ ಪೇಮೆಂಟ್ ದಿನದಿಂದ, ಕೆಲವಕ್ಕೆ ವಸ್ತು ಕೈಗೆ ಬಂದ ದಿನದಿಂದ ಅಥವಾ ಬರಬೇಕಿದ್ದ ದಿನದಿಂದ, ರೀಫಂಡ್ ಮಾತಾಗಿದ್ರೆ ಅವರು ಕೊಟ್ಟ ಕ್ರೆಡಿಟ್ ರಸೀದಿಯ (ದುಡ್ಡು ವಾಪಸ್ ಮಾಡ್ತೀವಿ ಅನ್ನೋ ಬರವಣಿಗೆಯ) ದಿನದಿಂದ. ನಾನು ಎಲ್ರಿಗೂ ಹೇಳೋದು ಒಂದೇ, ಅತಿ ಹಿಂದಿನ ತಾರೀಕು ಯಾವ್ದೋ ಅಲ್ಲಿಂದಲೇ ಎಣಿಸಿ, ಅಂದ್ರೆ ಪೇಮೆಂಟ್ ದಿನದಿಂದ. ಆ ಲೆಕ್ಕದಲ್ಲಿ ನಿಮ್ಮ ಕೈಲಿರೋದು 24 ದಿನ. ಅದರಲ್ಲೂ ಕೊನೇ ವಾರ ಬ್ಯಾಂಕಿನೋರಿಗೆ ಪೇಪರ್ ಕೆಲಸಕ್ಕೆ ಬೇಕು, ಕೆಲವು ಬ್ಯಾಂಕುಗಳು ತಮ್ಮದೇ ಕಮ್ಮಿ ಗಡುವು ಇಟ್ಕೊಂಡಿರ್ತಾವೆ ಬೇರೆ. ಹಾಗಾಗಿ ಈ ವಾರ ಅಂತ ಇಟ್ಕೊಳ್ಳಿ.

ಫಾರಂನಲ್ಲಿ ಯಾವ ಕಾರಣ ಹಾಕ್ಬೇಕು ಅನ್ನೋದರ ಮೇಲೆ ಅರ್ಧ ಕೇಸ್ ನಿಂತಿರತ್ತೆ. ವೀಸಾದಲ್ಲಿ ವಸ್ತು ಬರ್ಲೇ ಇಲ್ಲ ಅನ್ನೋದಕ್ಕೆ 13.1, ಹೇಳಿದ್ದೊಂದು ಬಂದಿದ್ದೊಂದು ಅಥವಾ ಕೆಟ್ಟಿದೆ ಅನ್ನೋದಕ್ಕೆ 13.3, ರೀಫಂಡ್ ಮಾಡ್ತೀವಿ ಅಂತ ಬರೆದುಕೊಟ್ಟು ಮಾಡ್ಲಿಲ್ಲ ಅನ್ನೋದಕ್ಕೆ 13.6, ಕ್ಯಾನ್ಸಲ್ ಮಾಡಿದೀನಿ ಅಥವಾ ವಾಪಸ್ ಕಳಿಸಿದೀನಿ ಆದ್ರೂ ದುಡ್ಡಿಲ್ಲ ಅನ್ನೋದಕ್ಕೆ 13.7. ಮಾಸ್ಟರ್‌ಕಾರ್ಡಲ್ಲಿ ಇವೆಲ್ಲಾ ಬಹುಪಾಲು 4853 ಅನ್ನೋ ಒಂದೇ ಕೋಡಿನ ಕೆಳಗೆ ಬರತ್ತೆ. ಕೋಡ್ ಹಾಕೋದು ಬ್ಯಾಂಕಿನ ಕೆಲಸ, ಆದ್ರೆ ನೀವು ಬರೆಯೋ ವಾಕ್ಯ ನೋಡಿ ಅವರು ಹಾಕ್ತಾರೆ. ನೀವು ಎರಡು ಪುಟ ಫಂಗಸ್ ಬಗ್ಗೆ, ಲೆನ್ಸ್ ಗ್ಲಾಸಿನ ಬಗ್ಗೆ ಬರೆದ್ರೆ ಅವರು 13.3 ಹಾಕ್ತಾರೆ, ಆಗ ಸ್ಟೋರಿನೋರು ‘ಕಳಿಸುವಾಗ ಚೆನ್ನಾಗೇ ಇತ್ತು, ಇವರ ಮನೇಲಿ ಬಂದಿರೋ ಫಂಗಸ್ಸು’ ಅಂತ ವಾದ ಶುರು ಮಾಡ್ತಾರೆ, ಕಲೆ ಯಾವಾಗ ಬಂತು ಅಂತ ಫೋಟೋ ನೋಡಿ ಯಾರು ಹೇಳ್ತಾರೆ? ಆ ಕೆಸರಿಗೆ ಇಳಿಯೋ ಅಗತ್ಯಾನೇ ನಿಮಗಿಲ್ಲ. ವಾಪಸ್ ಕಳಿಸಿ ಅಂತ ಅವರೇ ಒಪ್ಪಿದಾರೆ, ರೀಫಂಡ್ ಮಾಡಿದೀವಿ ಅಂತ ಅವರೇ ಮೇಲ್ ಹಾಕಿದಾರೆ. ಲೆನ್ಸ್ ಕೆಟ್ಟಿತ್ತೋ ಇಲ್ವೋ ಅನ್ನೋ ಪ್ರಶ್ನೆ ಅಲ್ಲಿಗೆ ಮುಗೀತು. ನಿಮ್ಮ ಅರ್ಜಿ ಹೀಗಿರ್ಲಿ: ಇಂಥ ದಿನ ದುಡ್ಡು ಕಟ್ದೆ, ಇಂಥ ದಿನ ವಸ್ತು ಬಂತು, ದೋಷ ಇತ್ತು, ಇಂಥ ದಿನ ವಾಪಸ್ ಕಳಿಸಕ್ಕೆ ಸ್ಟೋರ್ ಒಪ್ಪಿತು, ಇಂಥ ಟ್ರ್ಯಾಕಿಂಗ್ ನಂಬರಲ್ಲಿ ಇಂಥ ದಿನ ತಲುಪಿದೆ, ಇಂಥ ದಿನ ರೀಫಂಡ್ ಆಗಿದೆ ಅಂತ ಮೇಲ್ ಬಂತು, ಇವತ್ತಿಗೂ ಬಂದಿಲ್ಲ. ಏಳು ಸಾಲು. ಸಿಟ್ಟು ಬೇಡ, ಮೋಸ ವಂಚನೆ ಅನ್ನೋ ಪದ ಬೇಡ. ಡೆಸ್ಕಲ್ಲಿ ಕೂತೋರು ದಿನಕ್ಕೆ ಹತ್ತಾರು ಫೈಲ್ ಓದ್ತಾರೆ, ತಾರೀಕು ನೆಟ್ಟಗಿರೋ ಒಂದು ಪುಟ ನೋಡಿದ್ರೆ ಅವರಿಗೆ ನಿಮ್ಮ ಮೇಲೆ ಪ್ರೀತಿಯೇ ಬಂದ್ಬಿಡತ್ತೆ, ತಮಾಷೆಗೆ ಹೇಳ್ತಿಲ್ಲ.

ಅದರ ಹಿಂದೆ ಲಗತ್ತಿಸ್ಬೇಕಾಗಿದ್ದು: ಆರ್ಡರ್ ಪೇಜಲ್ಲಿ ‘ಹೊಸದು’ ಅಂತ ಇರೋ ಸ್ಕ್ರೀನ್‌ಶಾಟು, ವಾಪಸ್ ಕಳಿಸಿ ಅಂದ ಮೇಲು, ರಿಟರ್ನ್ ಅಡ್ರೆಸ್ ಅವರೇ ಕೊಟ್ಟಿದ್ದು ಅನ್ನೋದಕ್ಕೆ ಪುರಾವೆ, ಪಾರ್ಸೆಲ್ ರಸೀದಿ (ತೂಕ ಇರೋದು ಇನ್ನೂ ಒಳ್ಳೇದು, ಖಾಲಿ ಡಬ್ಬ ಬಂತು ಅಂದ್ರೆ ಬಾಯಿ ಮುಚ್ಚಿಸಬಹುದು), ಡೆಲಿವರಿ ಆದ ಟ್ರ್ಯಾಕಿಂಗ್ ಪುಟ, ರೀಫಂಡ್ ಆಗಿದೆ ಅಂದ ಮೇಲು. ಇವನ್ನೆಲ್ಲಾ ಇವತ್ತೇ ಪಿಡಿಎಫ್ ಮಾಡಿಟ್ಕೊಳ್ಳಿ. ಟ್ರ್ಯಾಕಿಂಗ್ ಪುಟಗಳು ಕೆಲವು ತಿಂಗಳಾದ್ಮೇಲೆ ಸೈಟಿಂದ ಮಾಯ ಆಗ್ತವೆ, ಚಾಟ್ ಹಿಸ್ಟರಿ ಸ್ಟೋರಿನೋರ ಕೈಲಿರತ್ತೆ, ಪ್ರಾಡಕ್ಟ್ ಪೇಜನ್ನ ‘ಬಳಸಿದ್ದು’ ಅಂತ ರಾತ್ರೋರಾತ್ರಿ ತಿದ್ದಿದ್ದನ್ನೂ ನೋಡಿದೀನಿ. ಫೋನಲ್ಲಿ ಆದ ಮಾತುಕತೆ ಲೆಕ್ಕಕ್ಕಿಲ್ಲ, ಅಂಥದ್ದು ಏನಾದ್ರೂ ಇದ್ರೆ ‘ನೀವು ಫೋನಲ್ಲಿ ಹೀಗಂದ್ರಿ’ ಅಂತ ಒಂದು ಮೇಲ್ ಹಾಕಿ ಇಟ್ಕೊಳ್ಳಿ.

ಟ್ರ್ಯಾಕಿಂಗ್ ವಿಷ್ಯ ಬಂತಲ್ಲ, ವಸ್ತು ಬರದೇ ಇರೋ ಕೇಸಲ್ಲಿ ಇದೇ ದೊಡ್ಡ ಆಟ, ನಿಮಗೆ ನೇರ ಸಂಬಂಧ ಇಲ್ದಿದ್ರೂ ಹೇಳ್ತೀನಿ. ಮೋಸದ ಸ್ಟೋರುಗಳು ನಿಮ್ಮದೇ ಊರಿನ ಇನ್ಯಾವ್ದೋ ಅಡ್ರೆಸ್ಸಿಗೆ ಹಗುರದ ಪಾರ್ಸೆಲ್ ಒಂದನ್ನ ಕಳಿಸಿ, ಅದರ ‘ಡೆಲಿವರ್ಡ್’ ಸ್ಟೇಟಸ್ ತೋರಿಸಿ ತಲುಪಿದೆ ಅಂತಾರೆ. ಅಂಚೆ ಮೂಲಕ ಬರೋ ಅಂತರರಾಷ್ಟ್ರೀಯ ಪಾರ್ಸೆಲ್ ನಂಬರಲ್ಲಿ 13 ಅಕ್ಷರ ಇರತ್ತೆ, ಎರಡು ಅಕ್ಷರ, ಒಂಬತ್ತು ಅಂಕಿ, ಕೊನೇಲಿ ಕಳಿಸಿದ ದೇಶದ ಎರಡಕ್ಷರ. ಆ ಕೊನೇ ಎರಡಕ್ಷರ ನೋಡಿದ್ರೆ ವಸ್ತು ನಿಜಕ್ಕೂ ಎಲ್ಲಿಂದ ಹೊರಟಿದ್ದು ಗೊತ್ತಾಗತ್ತೆ. ಅಂಚೆ ಅಥವಾ ಕೊರಿಯರಿನೋರ ಹತ್ರ ತೂಕ ಎಷ್ಟು, ಯಾವ ಅಡ್ರೆಸ್ಸಿಗೆ ಕೊಟ್ರಿ ಅಂತ ಬರವಣಿಗೇಲಿ ಕೇಳಿ ತಗೊಂಡ್ರೆ ಅದು ಬಹಳ ಗಟ್ಟಿ ಪುರಾವೆ.

ಅರ್ಜಿ ಕೊಟ್ಮೇಲೆ ಏನಾಗತ್ತೆ ಅಂದ್ರೆ, ನಿಮ್ಮ ಬ್ಯಾಂಕು ನೆಟ್‌ವರ್ಕ್ ಮೂಲಕ ಸ್ಟೋರಿನ ಬ್ಯಾಂಕಿಂದ ದುಡ್ಡು ಎಳೆಯತ್ತೆ, ಕೆಲವು ಬ್ಯಾಂಕು ತಾತ್ಕಾಲಿಕವಾಗಿ ನಿಮ್ಮ ಅಕೌಂಟಿಗೆ ಹಾಕ್ತಾವೆ. ದಯವಿಟ್ಟು ಅದನ್ನ ಖರ್ಚು ಮಾಡ್ಬೇಡಿ, ಅದಿನ್ನೂ ನಿಮ್ಮದಲ್ಲ. ಸ್ಟೋರಿನ ಕಡೆಗೆ ಉತ್ರ ಕೊಡಕ್ಕೆ ಟೈಮ್ ಇರತ್ತೆ, ವೀಸಾದಲ್ಲಿ ಸುಮಾರು 30 ದಿನ, ಮಾಸ್ಟರ್‌ಕಾರ್ಡಲ್ಲಿ 45. ಅವರು ಸುಮ್ಮನಿದ್ರೆ ನೀವು ಗೆದ್ದಂಗೆ, ರೀಫಂಡ್ ಕೊಡದೆ ಸತಾಯಿಸೋ ಸ್ಟೋರುಗಳಲ್ಲಿ ಬಹಳಷ್ಟು ಸುಮ್ಮನೇ ಇರ್ತಾವೆ. ವಾದ ಮಾಡಿದ್ರೆ ಬ್ಯಾಂಕು ಅದನ್ನ ನಿಮಗೆ ಕಳಿಸಿ ಏನಂತೀರಿ ಅಂತ ಕೇಳತ್ತೆ, ಅದಕ್ಕೆ ಕೊಡೋ ಗಡುವು ತೀರಾ ಕಮ್ಮಿ ಇರತ್ತೆ, ಹಾಗಾಗಿ ಮೇಲ್ ಸ್ಪ್ಯಾಮಿಗೆ ಹೋಗಿದ್ಯಾ ಅಂತ ನೋಡ್ತಾ ಇರಿ. ಇದಕ್ಕೂ ಒಪ್ಪದಿದ್ರೆ ನೆಟ್‌ವರ್ಕಿನ ಆರ್ಬಿಟ್ರೇಶನ್ (ಕಾರ್ಡ್ ಕಂಪನಿಯೇ ತೀರ್ಪು ಕೊಡೋದು) ಅಂತ ಕೊನೇ ಹಂತ ಇದೆ, ಸೋತ ಬ್ಯಾಂಕ್ ಫೀಸ್ ಕಟ್ಟಬೇಕಾಗತ್ತೆ, ಸಣ್ಣ ಮೊತ್ತಕ್ಕೆ ಯಾವ ಬ್ಯಾಂಕೂ ಅಲ್ಲಿವರೆಗೆ ಹೋಗಕ್ಕೆ ಇಷ್ಟಪಡಲ್ಲ. ಒಟ್ಟು ಎರಡು ಮೂರು ತಿಂಗಳು ಹಿಡಿಯತ್ತೆ ಅಂತ ಮನಸ್ಸಿಗೆ ಹೇಳ್ಕೊಳ್ಳಿ.

ಅರ್ಜಿ ಹಾಕೋ ಮುಂಚೆ ಸ್ಟೋರಿಗೆ ಒಂದು ಕೊನೇ ಮೇಲ್ ಹಾಕಿ: ‘ಎರಡು ದಿನದೊಳಗೆ ಎಆರ್‌ಎನ್ ಕೊಡಿ, ಇಲ್ಲಾಂದ್ರೆ ಚಾರ್ಜ್‌ಬ್ಯಾಕ್ ಹಾಕ್ತೀನಿ’. ಬೆದರಿಕೆ ಅನ್ಕೋಬೇಡಿ, ವ್ಯಾಪಾರಿ ಜೊತೆ ಬಗೆಹರಿಸಕ್ಕೆ ಪ್ರಯತ್ನ ಪಟ್ರಾ ಅಂತ ಬ್ಯಾಂಕು ಕೇಳೇ ಕೇಳತ್ತೆ, ಅದಕ್ಕೆ ಇದು ದಾಖಲೆ. ಮೇಲಾಗಿ ಆ ಪದ ಕೇಳಿದ್ರೆ ಸ್ಟೋರಿನೋರಿಗೆ ಚುರುಕು ಮುಟ್ಟತ್ತೆ, ಯಾಕಂದ್ರೆ ಸೋತ ಚಾರ್ಜ್‌ಬ್ಯಾಕಿಗೆ ದುಡ್ಡಿನ ಜೊತೆ ಫೀಸೂ ಹೋಗತ್ತೆ, ಸಂಖ್ಯೆ ಜಾಸ್ತಿ ಆದ್ರೆ ಕಾರ್ಡ್ ಕಂಪನಿಯ ಕಣ್ಗಾವಲಿಗೆ ಬೀಳ್ತಾರೆ, ಮಾಸ್ಟರ್‌ಕಾರ್ಡಲ್ಲಿ ತಿಂಗಳಿಗೆ 100 ಚಾರ್ಜ್‌ಬ್ಯಾಕು ಮತ್ತು ಪೇಮೆಂಟುಗಳ ಲೆಕ್ಕದಲ್ಲಿ 1.5% ಅನುಪಾತ ಮುಟ್ಟಿದ್ರೆ ‘ಅತಿ ಚಾರ್ಜ್‌ಬ್ಯಾಕಿನ ವ್ಯಾಪಾರಿ’ ಅನ್ನೋ ಪಟ್ಟಿ ಇದೆ, ಮುಂದುವರಿದ್ರೆ ದಂಡ. ಕಾರ್ಡ್ ತಗೊಳ್ಳೋ ಸೌಲಭ್ಯ ಹೋದ್ರೆ ಆನ್‌ಲೈನ್ ಅಂಗಡಿ ಬಾಗಿಲು ಮುಚ್ಚಿದಂಗೇನೇ.

ಆ 40% ಆಫರ್ ಬಗ್ಗೆ. ಅದು ಮೂಗಿಗೆ ತುಪ್ಪ ಸವರೋ ಕೆಲಸ. ಒಪ್ಕೊಂಡ್ರೆ ಆ ಒಪ್ಪಿಗೇನೇ ನಾಳೆ ನಿಮ್ಮ ವಿರುದ್ಧ ಪುರಾವೆ, ‘ಗ್ರಾಹಕರು ಸೆಟಲ್ ಆದ್ರು’ ಅಂತ ತೋರಿಸ್ತಾರೆ. ಸ್ಟೋರ್ ಕ್ರೆಡಿಟ್ ಇನ್ನೂ ಕೆಟ್ಟದ್ದು, ಇದೇ ಸ್ಟೋರಿಂದ ಇನ್ನೊಂದು ವಸ್ತು ತರಿಸಿ ಇನ್ನೊಂದು ಸಲ ಇದೇ ಪಾಡು ಪಡಬೇಕಾ? ‘ನಮ್ಮ ಪಾಲಿಸಿ ಪ್ರಕಾರ ನಗದು ವಾಪಸ್ ಇಲ್ಲ’ ಅನ್ನೋ ವಾದಕ್ಕೂ ಹೆದರಬೇಡಿ. ನೀವು ಬಣ್ಣ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಮಾಡಿದ್ರೆ, ಆ ಷರತ್ತನ್ನ ದುಡ್ಡು ಕಟ್ಟೋ ಮುಂಚೆ ಕಾಣೋ ಹಾಗೆ ತೋರಿಸಿದ್ರೆ, ಅದಕ್ಕೆ ಬೆಲೆ ಇದೆ. ಹೊಸದು ಅಂತ ಹೇಳಿ ಹಳೇದು ಕಳಿಸಿದ್ದಕ್ಕೆ ಆ ಷರತ್ತು ರಕ್ಷಣೆ ಕೊಡಲ್ಲ.

ಪೇಪಾಲ್ ಮೂಲಕ ಕಟ್ಟಿರೋರಿಗೆ ಒಂದು ಮಾತು, ಅಲ್ಲಿ ಪೇಮೆಂಟ್ ದಿನದಿಂದ 180 ದಿನದೊಳಗೆ ಡಿಸ್ಪ್ಯೂಟ್ ತೆರೆಯಬಹುದು, ಆದ್ರೆ ತೆರೆದು 20 ದಿನದೊಳಗೆ ಅದನ್ನ ಕ್ಲೇಮ್ (ಪೇಪಾಲೇ ತೀರ್ಮಾನ ಮಾಡೋ ಹಂತ) ಆಗಿ ಮೇಲಕ್ಕೆ ಏರಿಸದಿದ್ರೆ ತಾನಾಗೇ ಮುಚ್ಚೋಗತ್ತೆ. ‘ಮೊದ್ಲು ಡಿಸ್ಪ್ಯೂಟ್ ಕ್ಲೋಸ್ ಮಾಡಿ, ಆಮೇಲೆ ದುಡ್ಡು ಹಾಕ್ತೀವಿ’ ಅಂತ ಕೇಳ್ತಾರೆ, ಮಾಡ್ಲೇಬೇಡಿ, ಮುಚ್ಚಿದ್ದನ್ನ ಮತ್ತೆ ತೆರೆಯಕ್ಕಾಗಲ್ಲ. ಖರೀದಿ ಅಂತ ಅಲ್ದೆ ‘ಫ್ರೆಂಡ್ಸ್ ಆಂಡ್ ಫ್ಯಾಮಿಲಿ’ ಅಂತ (ಪರಿಚಯದೋರಿಗೆ ಕೊಟ್ಟಂಗೆ) ಕಳಿಸಿದ್ರೆ ಅಲ್ಲಿ ರಕ್ಷಣೇನೇ ಇಲ್ಲ. ಬ್ಯಾಂಕ್ ಟ್ರಾನ್ಸ್‌ಫರ್, ಕ್ರಿಪ್ಟೋದಲ್ಲಿ ಕಟ್ಟಿದ್ರೆ ಚಾರ್ಜ್‌ಬ್ಯಾಕ್ ಅನ್ನೋ ದಾರಿನೇ ಇಲ್ಲ, ಹೊರದೇಶದ ಸ್ಟೋರ್ ಕಾರ್ಡ್ ಬೇಡ ಟ್ರಾನ್ಸ್‌ಫರ್ ಮಾಡಿ ಅಂದ ತಕ್ಷಣ ನಾನಾದ್ರೆ ಟ್ಯಾಬ್ ಮುಚ್ತೀನಿ.

ಕೋರ್ಟು, ಕಂಪ್ಲೇಂಟು ಅಂತ ಕೇಳೋರಿಗೆ ಸಂಕ್ಷೇಪವಾಗಿ: ಯುರೋಪಿಯನ್ ಒಕ್ಕೂಟದ ಗ್ರಾಹಕರಿಗೆ ಆನ್‌ಲೈನ್ ಖರೀದೀಲಿ ಕಾರಣ ಹೇಳದೆ 14 ದಿನದೊಳಗೆ ವಾಪಸ್ ಮಾಡೋ ಹಕ್ಕಿದೆ, ಒಕ್ಕೂಟದ ಒಳಗೆ ಬೇರೆ ದೇಶದ ಅಂಗಡಿ ಜೊತೆ ಜಗಳ ಆದ್ರೆ ಅಲ್ಲಿನ ಗ್ರಾಹಕ ಕೇಂದ್ರಗಳ ಜಾಲ ಫ್ರೀಯಾಗಿ ಸಹಾಯ ಮಾಡತ್ತೆ, 5,000 ಯೂರೋವರೆಗೆ ಗಡಿ ದಾಟಿದ ಸಣ್ಣ ಕ್ಲೇಮಿಗೆ ಬೇರೆ ವಿಧಾನಾನೇ ಇದೆ. ಇವೆಲ್ಲಾ ಅಲ್ಲಿ ವಾಸ ಇರೋರಿಗೆ. ಹೊರಗಿನೋರು ಸ್ಟೋರಿನ ದೇಶದಲ್ಲಿ ಕೇಸ್ ಹಾಕಿದ್ರೆ ವಕೀಲರ ಫೀಸೇ ಲೆನ್ಸಿನ ಬೆಲೆ ದಾಟತ್ತೆ, ನಿಮ್ಮ ದೇಶದಲ್ಲಿ ಗೆದ್ರೂ ತೀರ್ಪನ್ನ ಅಲ್ಲಿ ಜಾರಿ ಮಾಡಿಸೋರು ಯಾರು? ಇಕನ್ಸ್ಯೂಮರ್ ಡಾಟ್ ಗವ್ ಅಂತ ಹಲವು ದೇಶಗಳ ಗ್ರಾಹಕ ಸಂಸ್ಥೆಗಳು ಸೇರಿ 2001ರಿಂದ ನಡೆಸ್ತಿರೋ ದೂರಿನ ಸೈಟ್ ಇದೆ, ದೂರು ಹಾಕಿ, ಮುಂದೆ ಬೇರೆಯೋರಿಗೆ ಉಪಯೋಗ ಆಗತ್ತೆ, ಆದ್ರೆ ಅದು ನಿಮ್ಮ ದುಡ್ಡು ವಸೂಲಿ ಮಾಡಿಕೊಡಲ್ಲ.

ಮತ್ತೆ, ಈ ಕಥೆನ ನೀವು ಸೋಷಿಯಲ್ ಮೀಡಿಯಾದಲ್ಲಿ ಹಾಕಿದ್ರೆ ‘ನಿಮ್ಮ ದುಡ್ಡು ವಾಪಸ್ ತಂದುಕೊಡ್ತೀವಿ, ಸ್ವಲ್ಪ ಫೀಸ್ ಅಷ್ಟೇ’ ಅಂತ ಮೆಸೇಜುಗಳು ಬರ್ತಾವೆ. ಅವರು ಕಳೆದುಕೊಂಡೋರನ್ನೇ ಹುಡುಕಿ ಎರಡನೇ ಸಲ ದೋಚೋರು. ಚಾರ್ಜ್‌ಬ್ಯಾಕ್ ಹಾಕಕ್ಕೆ ನಿಮ್ಮ ಬ್ಯಾಂಕ್ ಬಿಟ್ರೆ ಬೇರೆ ಯಾರಿಗೂ ಆಗಲ್ಲ.

ದುಡ್ಡು ಬಂದಾಗ ಮೊತ್ತ ಸ್ವಲ್ಪ ಹೆಚ್ಚು ಕಮ್ಮಿ ಇರಬಹುದು, ವಿನಿಮಯ ದರ ಬದಲಾಗಿರತ್ತೆ, ಫಾರಿನ್ ಟ್ರಾನ್ಸಾಕ್ಷನ್ ಫೀಸ್ ಎಷ್ಟೋ ಸಲ ವಾಪಸ್ ಬರಲ್ಲ. ವಾಪಸ್ ಕಳಿಸಿದ ಪೋಸ್ಟೇಜೂ ಸಾಮಾನ್ಯವಾಗಿ ಚಾರ್ಜ್‌ಬ್ಯಾಕಲ್ಲಿ ಸಿಗಲ್ಲ, ಅದು ಹೋಯ್ತು ಅನ್ಕೊಳ್ಳಿ. ಕಸ್ಟಮ್ಸ್ ಸುಂಕ ಕಟ್ಟಿದ್ರೆ ಅದನ್ನ ಸ್ಟೋರಿಗೆ ಕೇಳಿ ಪ್ರಯೋಜನ ಇಲ್ಲ, ವಸ್ತು ವಾಪಸ್ ಹೋಗಿದ್ದಕ್ಕೆ ಪುರಾವೆ ಇಟ್ಟು ಸುಂಕ ಇಲಾಖೇಲೇ ಕೇಳ್ಬೇಕು. ಕೇಸ್ ನಡೀತಿರುವಾಗ ಸ್ಟೋರಿನೋರು ದಿಢೀರ್ ಅಂತ ದುಡ್ಡು ಹಾಕಿದ್ರೆ ಅದೇ ದಿನ ಬ್ಯಾಂಕಿಗೆ ತಿಳಿಸಿ, ಎರಡು ಕಡೆಯಿಂದ ಬಂದಿದ್ದನ್ನ ಇಟ್ಕೊಂಡ್ರೆ ತಪ್ಪು ನಿಮ್ಮ ಮೇಲೆ ತಿರುಗತ್ತೆ. ಕೇಸ್ ನಂಬರ್ ಸಿಕ್ಕಿದ ಮೇಲೆ ಆ ಚಾಟ್ ವಿಂಡೋನ ಮುಚ್ಚಿಟ್ಬಿಡಿ, ಅವರು ಮೇಲ್ ಹಾಕಿದ್ರೆ ‘ವಿಷ್ಯ ಬ್ಯಾಂಕ್ ಹತ್ರ ಇದೆ, ಕೇಸ್ ನಂಬರ್ ಇಂಥದ್ದು’ ಅಂತ ಒಂದು ಸಾಲು ಸಾಕು.